ಮೂಗು ಕೈಕೊಟ್ಟವನ ವೈನ್ ಯಾತ್ರೆ

ನನ್ನ ಮೂಗಿಗೆ ಮೂರು ವರ್ಷದಿಂದ ವಾಸನೆ ತಿಳಿಯುವುದಿಲ್ಲ. ಬೇರೆ ಯಾರಾದರೂ ಹೀಗೆ ಹೇಳಿಕೊಂಡರೆ ಅಯ್ಯೋ ಪಾಪ ಎನ್ನುತ್ತೀರಿ. ನಾನು ಹೇಳಿಕೊಂಡರೆ ಕೆಲಸ ಹೋಗುತ್ತದೆ. ಅಬುಧಾಬಿಯ ಹೋಟೆಲೊಂದಕ್ಕೆ ವೈನ್ ಆರಿಸಿಕೊಡುವುದೇ ನನ್ನ ಉದ್ಯೋಗ. ಉಡುಪಿ ಕಡೆಯವನಿಗೆ ಇದು ಹೇಗೆ ಗಂಟುಬಿತ್ತೆಂದು ಹೇಳುವಷ್ಟು ತ್ರಾಣ ಈಗಿಲ್ಲ.

ಒಂದು ಜ್ವರ ಬಂದು ಹೋಗುವಾಗ ವಾಸನೆಯನ್ನೂ ಕೊಂಡೊಯ್ದಿತು. ಗೊತ್ತಿದ್ದದ್ದು ಹೆಂಡತಿ ಸುಮಿತ್ರಾಗೆ ಮಾತ್ರ. "ಹಾಲು ಅಡಿ ಹಿಡಿದದ್ದು ಲಿಫ್ಟಿನವರೆಗೆ ನಾರ್ತಾ ಉಂಟು, ನೀವು ಒಲೆಯ ಹತ್ತಿರವೇ ಕೂತಿದ್ದೀರಲ್ಲ!" ಎಂದು ಅವಳೇ ಕಂಡುಹಿಡಿದಳು. ಆಫೀಸಿನಲ್ಲಿ ನನ್ನನ್ನು ಕಾಪಾಡಿದ್ದು ವೈನಿನ ಭಾಷೆ. ಚರ್ಮ, ಹೊಗೆಸೊಪ್ಪು, ಹಳೆ ಮರ, ಹೀಗೆ ಅಂಗಿಯಿಂದ ಬಂದರೆ ಒಗೆಯಲು ಹಾಕುವಂಥ ವಾಸನೆಗಳೆಲ್ಲ ಗ್ಲಾಸಿನಿಂದ ಬಂದರೆ ಹೊಗಳಿಕೆ. ನಾಲ್ಕು ಪದ ಕಲಿತವನಿಗೆ ಮೂಗು ಬೇಕೆಂದೇನಿಲ್ಲ. ಆದರೆ ಇಲ್ಲದ ವಾಸನೆಯನ್ನು ದಿನವೂ ಹುಟ್ಟಿಸಿ ಹುಟ್ಟಿಸಿ ನನಗೆ ಸಾಕಾಗಿಹೋಗಿತ್ತು.

ಈ ವರ್ಷ ನಮ್ಮ ಮ್ಯಾನೇಜರ್, ಬಜ್ಪೆಯ ಫೆಲಿಕ್ಸ್, ಕೆಂಪು ವೈನ್ ಆರಿಸಲು ನನ್ನನ್ನು ಸ್ಪೇನಿನ ರಿಯೋಹಾಕ್ಕೆ ಕಳಿಸಿದರು. ಮೂರು ದಿನ, ಹನ್ನೊಂದು ವೈನರಿ. ಅಲ್ಲಿ ರುಚಿ ನೋಡಿ ಬಕೆಟ್ಟಿಗೆ ಉಗುಳುವುದು ಪದ್ಧತಿ. ಬಡಿಸಿದವರ ಎದುರೇ ಉಗುಳುವುದೆಂದರೆ ನಮ್ಮಲ್ಲಿ ಊಟದ ಎಲೆಯಿಂದ ಅರ್ಧಕ್ಕೇ ಎದ್ದುಹೋದ ಹಾಗೆ. ನಾನು ಎಲ್ಲವನ್ನೂ ನುಂಗಿದೆ. ಎರಡನೆಯ ದಿನದ ಹೊತ್ತಿಗೆ ಮೂಗಿನ ಜೊತೆ ಕಾಲೂ ಮಾತು ಕೇಳುತ್ತಿರಲಿಲ್ಲ.

ಕೊನೆಯ ವೈನರಿಯ ಯಜಮಾನಿ ಪಿಲಾರ್ ಎಂಬ ಮುದುಕಿ, ನೆಲಮಾಳಿಗೆಯಿಂದ ತಾನೇ ಬಾಟಲಿ ತಂದು ಇಬ್ಬರಿಗೂ ಬಗ್ಗಿಸಿದಳು. ಕರೆದವರ ಮನೆಯ ಪಾಯಸವನ್ನು ಗಂಟಲಿಗೆ ಇಳಿಯುವ ಮೊದಲೇ ಹೊಗಳುವುದು ನಮ್ಮವರ ಅಭ್ಯಾಸ. ಅದೇ ಅಭ್ಯಾಸಬಲದಿಂದ ಹಳೆ ಮರ, ತುಸು ಹೊಗೆಸೊಪ್ಪು, ಅಮೋಘ ಎಂದು ಪೂರ್ತಿ ಪಾಠ ಒಪ್ಪಿಸಿದೆ. ಆಮೇಲೆ ಅವಳು ತನ್ನ ಗ್ಲಾಸು ಮೂಸಿದಳು. ಮುಖ ಸಪ್ಪಗಾಯಿತು.

"ಇದು ಹಾಳಾಗಿದೆ. ಒದ್ದೆ ಗೋಣಿಯ ವಾಸನೆ," ಎಂದು ಹರಕುಮುರುಕು ಇಂಗ್ಲಿಷಿನಲ್ಲಿ ಹೇಳಿ ನನ್ನ ಗ್ಲಾಸು ತೆಗೆದುಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಕುರ್ಚಿ ಎಳೆದು ಕೂರಿಸಿ ನೀರು ಕೊಟ್ಟಳು. ತುಂಬಾ ನಾಚಿಕೆಯಾಯಿತು. ಇನ್ನು ಸುಳ್ಳು ಹೇಳಲು ನನ್ನಿಂದಾಗದು ಅನಿಸಿತು.

"ವೀಸಾ ಕ್ಯಾನ್ಸಲ್ ಆದ್ರೆ ಆಗ್ಲಿ, ಹೇಳಿಬಿಡಿ," ಎಂದಳು ಸುಮಿತ್ರಾ, ಆ ರಾತ್ರಿ ಫೋನಿನಲ್ಲಿ. ಅಬುಧಾಬಿಗೆ ಹಿಂತಿರುಗಿದ ಮರುದಿನವೇ ಅಲ್ಲಿನ ಅಲ್ ರೀಮ್‌ನ ಆಫೀಸಿನಲ್ಲಿ ಫೆಲಿಕ್ಸರಿಗೆ ಎಲ್ಲ ಹೇಳಿಬಿಟ್ಟೆ. ಅವರು ಎದ್ದು ಬಾಗಿಲು ಹಾಕಿದರು.

"ಖಲಾಸ್," ಎಂದರು. ಕೆಲಸ ಮುಗಿಯಿತೆಂದೇ ನಾನು ತಿಳಿದೆ. "ನಂದೂ ಅದೇ ಜ್ವರಕ್ಕೆ ಹೋದದ್ದು ಮಾರಾಯ, ಮತ್ತೆ ಬರ್ಲೇ ಇಲ್ಲ. ಮೂರು ವರ್ಷದಿಂದ ನೀನು ಹೇಳಿದ್ದನ್ನೇ ನಾನು ಗೆಸ್ಟುಗಳಿಗೆ ಹೇಳುವುದು. ಯಲ್ಲಾ, ನಡಿ, ಮೂಗಿರುವವರು ಒಬ್ಬರನ್ನು ಹುಡುಕುವ. ಮೂಸುವುದು ಅವರು, ಬರೆಯುವುದು ನೀನು."

ಹಗುರಾಗಿ ಹೊರಬಂದೆ. ಲಿಫ್ಟಿಗೆ ಕಾಯುತ್ತ ನಿಂತಾಗ, ಗ್ಲಾಸು ಮೂಸಿ, ಕಣ್ಣು ಮುಚ್ಚಿ, ಹೌದು ಹೌದು ಎಂದು ತಲೆದೂಗಿದ ಗೆಸ್ಟುಗಳೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಇಷ್ಟು ದಿನದಲ್ಲಿ ಅವರಲ್ಲಿ ಒಬ್ಬರೂ ಹಾಳಾಗಿದೆಯೆಂದು ಒಂದು ಬಾಟಲಿಯನ್ನೂ ವಾಪಸು ಕಳಿಸಿರಲಿಲ್ಲ.