ಪಕ್ಷ ವಹಿಸದವನ ಅಂದಾಜು

ಸರ್ಕಾರ ಒಂದು ತೀರ್ಮಾನ ತೆಗೆದುಕೊಂಡರೆ ಬೊಕ್ಕಸಕ್ಕೆ ಎಷ್ಟು ಹೊರೆ, ಎಷ್ಟು ಉಳಿತಾಯ ಎಂದು ಮುಂಚೆಯೇ ಅಂದಾಜು ಮಾಡುವುದು ನನ್ನ ಕೆಲಸ. ಡೀಸೆಲ್ ಸಬ್ಸಿಡಿ ಇಳಿಸಿದರೆ ಏನಾದೀತು, ಯಾವುದೋ ತೆರಿಗೆ ಏರಿಸಿದರೆ ಏನಾದೀತು ಎಂದು ಕೌಲಾಲಂಪುರದ ಒಂದು ಆಫೀಸಿನಲ್ಲಿ ಕೂತು ಬರೆಯುತ್ತೇನೆ. ಈ ಕಸುಬಿನಲ್ಲೂ ಮಡಿ ಇದೆ. ಒಂದೇ ಅಂಕಿ ಹೇಳಬಾರದು, ‘ಇಷ್ಟರಿಂದ ಇಷ್ಟರವರೆಗೆ’ ಎನ್ನಬೇಕು. ತೀರ್ಮಾನ ಒಳ್ಳೆಯದೋ ಕೆಟ್ಟದ್ದೋ ಎಂದು ಮಾತ್ರ ಅಪ್ಪಿತಪ್ಪಿಯೂ ಹೇಳಬಾರದು. ಈ ಮಡಿಯನ್ನು ನಾನು ಮನೆಗೂ ತಂದಿದ್ದೆ. “ಎಷ್ಟೊತ್ತಿಗೆ ಬರ್ತೀರಿ?” ಎಂದು ಹೆಂಡತಿ ಫೋನ್ ಮಾಡಿದರೆ “ಆರೂವರೆಯಿಂದ ಎಂಟರವರೆಗೆ” ಎನ್ನುತ್ತಿದ್ದೆ. “ಹಾಗಾದ್ರೆ ಅನ್ನಾನೂ ಅರ್ಧ ಲೋಟದಿಂದ ಎರಡು ಲೋಟದವರೆಗೆ ಇಡ್ತೀನಿ” ಎಂದು ಫೋನ್ ಇಡುತ್ತಿದ್ದಳು.

ಬಾಂಗ್ಸಾರ್ ಬಡಾವಣೆಯ ನಮ್ಮ ಕಾಂಡೋ ಅಪಾರ್ಟ್‌ಮೆಂಟಿನಲ್ಲಿ ವರ್ಷಕ್ಕೊಮ್ಮೆ ಮಾಲೀಕರ ಸಭೆ ಸೇರಿ ಠರಾವುಗಳನ್ನು ಮತಕ್ಕೆ ಹಾಕುತ್ತದೆ. ಮನೆಗೊಂದು ಮತ. ಎರಡು ವರ್ಷದ ಹಿಂದೆ ಸಮಿತಿಯ ಕಾರ್ಯದರ್ಶಿ, ನಿವೃತ್ತ ತಮಿಳು ಹೆಡ್‌ಮಾಸ್ಟರು, ನನ್ನನ್ನು ಲಿಫ್ಟಿನಲ್ಲಿ ಹಿಡಿದರು. “ಯೂ ಆರ್ ದಿ ಎಕ್ಸ್‌ಪರ್ಟ್ ಲಾ!” ಎಂದರು, ಇಲ್ಲಿನವರ ಹಾಗೆ ಮಾತಿನ ಬಾಲಕ್ಕೊಂದು ‘ಲಾ’ ಅಂಟಿಸಿ. ಪ್ರತಿ ಠರಾವಿನಿಂದ ಖರ್ಚೆಷ್ಟು, ಆದಾಯವೆಷ್ಟು ಎಂದು ಒಂದೊಂದು ಪುಟ ಬರೆದುಕೊಡಬೇಕಂತೆ, ಜನ ಓದಿ ಮತ ಹಾಕುತ್ತಾರಂತೆ. ನಾನು ಪೂರಿಯ ಹಾಗೆ ಉಬ್ಬಿದೆ. ಆಫೀಸಿನಲ್ಲಿ ಬರೆದದ್ದನ್ನು ಯಾರಾದರೂ ಓದುತ್ತಾರೋ ಇಲ್ಲವೋ ದೇವರಿಗೇ ಗೊತ್ತು.

ಮೂರನೆಯ ಠರಾವು ನೆಲಮಹಡಿಯ ಹಾಲ್‌ನದು. ಅದುವರೆಗೆ ಪುಕ್ಕಟೆ ಸಿಗುತ್ತಿದ್ದ ಹಾಲ್‌ಗೆ ಇನ್ನು ಗಂಟೆಗೆ ನೂರು ರಿಂಗಿಟ್. ನನ್ನ ಹೆಂಡತಿ ಪ್ರತಿ ಭಾನುವಾರ ಅಲ್ಲೇ ಎರಡು ಗಂಟೆ ಕನ್ನಡ ಕಲಿಸುತ್ತಿದ್ದಳು. ಹನ್ನೊಂದು ಮಕ್ಕಳು, ಅವರಲ್ಲಿ ನಮ್ಮ ಒಂಬತ್ತು ವರ್ಷದ ಮಗಳೂ ಒಬ್ಬಳು. ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಆ ಹಾಲ್‌ನಲ್ಲಿ ಮಾತ್ರ, ಹುಬ್ಬಳ್ಳಿ ಕಡೆಯ ಹುಡುಗಿಯೊಬ್ಬಳ ಜೊತೆ ಜಗಳಕ್ಕೆ ಬಿದ್ದಾಗ, ಅವಳ ಬಾಯಿಂದ ಕನ್ನಡ ಬರುತ್ತಿತ್ತು. “ಏ, ಅದು ನಂದು, ಕೊಡೇ!” ಎಂದು ಮೊದಲ ಸಲ ಕಿರುಚಿದ ದಿನ ನನ್ನ ಹೆಂಡತಿ ಮನೆಗೆ ಬಂದು ಸಂತೋಷಕ್ಕೆ ಅತ್ತಿದ್ದಳು.

ನಾನು ಹಾಲ್‌ನ ಬುಕಿಂಗ್ ಪುಸ್ತಕ ತರಿಸಿ, ಹಿಂದಿನ ವರ್ಷದ ಗಂಟೆಗಳನ್ನು ಕೂಡಿ, ನೂರರಿಂದ ಗುಣಿಸಿದೆ. ವರ್ಷಕ್ಕೆ ಹತ್ತರಿಂದ ಹದಿಮೂರು ಸಾವಿರ ರಿಂಗಿಟ್ ಆದಾಯ! ಪುಸ್ತಕದ ಪುಟಪುಟದಲ್ಲೂ ಹೆಂಡತಿಯ ದುಂಡು ಅಕ್ಷರ. ಅದನ್ನು ನಾನು ‘ಖಚಿತ ಬೇಡಿಕೆ’ ಎಂದು ಕರೆದೆ. ಕಾಗದವನ್ನು ಲಿಫ್ಟಿನೊಳಗೆ ಅಂಟಿಸಿದ ದಿನ, ಜನ ಓದುವುದನ್ನು ನೋಡಲೆಂದೇ ನಾಲ್ಕು ಸಲ ಮೇಲೆ ಕೆಳಗೆ ಓಡಾಡಿದೆ.

ಓದಿದವರಲ್ಲಿ ಹೆಂಡತಿಯೂ ಒಬ್ಬಳು. “ರೀ, ನಾನು ದುಡ್ಡು ಕೊಟ್ಟು ಕ್ಲಾಸ್ ನಡೆಸ್ತೀನಿ ಅಂತ ನಿಮಗೆ ಯಾರು ಹೇಳಿದ್ರು?”

ತಪ್ಪು ಆಗ ಹೊಳೆಯಿತು. ಬೆಲೆ ಏರಿದರೆ ಜನ ಹಳೆಯ ಹಾಗೇ ನಡೆದುಕೊಳ್ಳುವುದಿಲ್ಲ ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಆಫೀಸಿಗೆ ಹೊಸಬರು ಬಂದರೆ ಅದನ್ನು ಕಲಿಸುವವನೂ ನಾನೇ. ತಿದ್ದಲು ಇನ್ನೂ ಎರಡು ದಿನವಿತ್ತು. ಆದರೆ ಈಗ ತಿದ್ದಿದರೆ ಹೆಂಡತಿಗೋಸ್ಕರ ತಿದ್ದಿದ ಎನ್ನುವುದಿಲ್ಲವೇ? “ನಾನು ಪಕ್ಷ ವಹಿಸೋ ಹಾಗಿಲ್ಲ” ಎಂದೆ, ಗಂಭೀರವಾಗಿ.

“ನಮ್ಮ ಮಗಳ ಪಕ್ಷಾನೂ?” ಎಂದಳು.

ಸಭೆಯಲ್ಲಿ ನಮ್ಮ ಮನೆಯ ಮತಚೀಟಿ ನನ್ನ ಕೈಯಲ್ಲಿತ್ತು. ನಾನು ಯಾವ ಕಡೆಗೂ ಹಾಕಲಿಲ್ಲ. ಠರಾವು ಗೆದ್ದಿತು. ಕೆಲವರು ನನ್ನ ಬೆನ್ನು ತಟ್ಟಿ, ಅಂದಾಜು ಬಹಳ ಸ್ಪಷ್ಟವಾಗಿತ್ತು ಎಂದರು. ಥೂ, ನನ್ನ ಜನ್ಮಕ್ಕಿಷ್ಟು!

ಹಾಲ್ ಬಾಡಿಗೆ ಹಂಚಿಕೊಳ್ಳೋಣ ಎಂದರೆ, ಪಿಯಾನೋ ಕ್ಲಾಸಿಗೆ ಇದರ ನಾಲ್ಕು ಪಟ್ಟು ಸುರಿಯುವ ತಾಯಂದಿರೇ “ಕನ್ನಡಕ್ಕೂ ಫೀಸಾ?” ಎಂದರು. ನಾನೇ ಕೊಡುತ್ತೇನೆ ಎಂದೆ. “ನಿಮ್ಮ ಅಂದಾಜು ನಿಜ ಆಗ್ಲಿ ಅಂತ ನಾವ್ಯಾಕೆ ದುಡ್ಡು ಕಟ್ಟಬೇಕು?” ಎಂದಳು ಹೆಂಡತಿ. ತರಗತಿ ನಮ್ಮ ಮನೆಯ ಸೋಫಾಗೆ ಬಂತು. ಕೆಳಗಿನ ಮನೆಯವರು ಸದ್ದಿನ ದೂರು ಕೊಟ್ಟರು. ಹನ್ನೊಂದು ಮಕ್ಕಳು ಆರಾದರು, ಆರು ಮೂರಾದರು. ಹುಬ್ಬಳ್ಳಿ ಹುಡುಗಿಯ ಅಪ್ಪನಿಗೆ ಬಯಾನ್ ಲೆಪಾಸ್‌ನಲ್ಲಿ ಕೆಲಸ ಸಿಕ್ಕಿ ಅವರು ಪೆನಾಂಗಿಗೆ ಹೊರಟರು. ಅಲ್ಲಿಗೆ ತರಗತಿ ಮುಗಿಯಿತು. ಜಗಳಕ್ಕೆ ಯಾರೂ ಇಲ್ಲದೆ ನಮ್ಮ ಮಗಳ ಕನ್ನಡವೂ ನಿಂತಿತು. ಕೆಳಗೆ ಹಾಲ್ ಬೀಗ ಹಾಕಿಕೊಂಡು ಖಾಲಿ ಕೂತಿತ್ತು.

ಮುಂದಿನ ವರ್ಷದ ಸಭೆಯಲ್ಲಿ ಹೆಡ್‌ಮಾಸ್ಟರು ಕನ್ನಡಕ ಏರಿಸಿ ಲೆಕ್ಕ ಓದಿದರು. ಹಾಲ್‌ನಿಂದ ಬಂದ ಆದಾಯ ಮುನ್ನೂರು ರಿಂಗಿಟ್. ಇಡೀ ವರ್ಷಕ್ಕೆ ಒಂದೇ ಬುಕಿಂಗ್. ಮನೆ ನಂಬರ್ ಓದಿ, ಕತ್ತೆತ್ತಿ ನನ್ನ ಕಡೆ ನೋಡಿದರು. ಮಗಳ ಹುಟ್ಟುಹಬ್ಬಕ್ಕೆ ಆಫೀಸಿನವರನ್ನೆಲ್ಲ ಕರೆದು, ಮೂರು ಗಂಟೆಯ ಬಾಡಿಗೆಯೆಂದು ನಾನೇ ಕಟ್ಟಿದ ದುಡ್ಡು ಅದು. “ಎಕ್ಸ್‌ಪರ್ಟ್, ಎಕ್ಸ್‌ಪ್ಲೇನ್ ಲಾ” ಎಂದರು.

ಎದ್ದು ನಿಂತೆ. ನನ್ನ ಅಂದಾಜಿನ ಗಂಟೆಗಳಲ್ಲಿ ಬಹುಪಾಲು ನನ್ನ ಹೆಂಡತಿಯ ತರಗತಿಯದು, ಮತದಾನಕ್ಕೆ ಮೊದಲೇ ನನಗೆ ತಪ್ಪು ತಿಳಿದಿತ್ತು, ತಿದ್ದಲಿಲ್ಲ ಎಂದು ಹೇಳಿದೆ. ಶುಲ್ಕ ತೆಗೆಯಿರಿ ಎಂದು ಅಲ್ಲೇ ಕೇಳಿಕೊಂಡು, ಜನ್ಮದಲ್ಲಿ ಮೊದಲ ಸಲ ಪಕ್ಷ ವಹಿಸಿದೆ. ಎಲ್ಲರೂ ನಕ್ಕರು, ಶುಲ್ಕವೂ ಹೋಯಿತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಹಳೆಯ ಹಾಜರಿ ಪುಸ್ತಕ ಹುಡುಕಲು ಒಳಗೆ ಹೋದಳು. ಮಗಳು ಸೋಫಾದ ಮೇಲೆ ಟ್ಯಾಬ್ ಹಿಡಿದು ಮಲಗಿದ್ದಳು. ಪಕ್ಕದಲ್ಲಿ ಕೂತು, “ಪುಟ್ಟಿ, ಭಾನುವಾರದಿಂದ ಅಮ್ಮನ ಕ್ಲಾಸ್ ಮತ್ತೆ ಶುರು. ಬರ್ತೀಯಲ್ಲಾ?” ಎಂದೆ.

ಅವಳು ಟ್ಯಾಬ್‌ನಿಂದ ಕಣ್ಣು ತೆಗೆಯಲಿಲ್ಲ.

“ಮೇ ಬಿ, ಅಪ್ಪ. ಸಮ್‌ವೇರ್ ಬಿಟ್ವೀನ್ ಝೀರೋ ಅಂಡ್ ಟೆನ್ ಪರ್ಸೆಂಟ್.”