ವಾಚನಾಲಯದೊಳಗೆ ಒಬ್ಬ ಪೊಲೀಸ್

ಮೊನ್ನೆ ಪೊನ್ನಂಪೇಟೆಯ ಸರಕಾರಿ ಕಚೇರಿಯ ಬಾಗಿಲಲ್ಲಿ ಒಬ್ಬ ಪೊಲೀಸಿನವ ನನ್ನ ಕೈಚೀಲ ತೆಗೆಸಿ ನೋಡಿದ. ಒಳಗಿದ್ದದ್ದು ಕನ್ನಡಕ, ಒಂದೆರಡು ಕಿತ್ತಳೆ. ಈ ವಯಸ್ಸಿನಲ್ಲೂ ನನ್ನಿಂದ ಸರಕಾರಕ್ಕೆ ಅಪಾಯವಿರಬಹುದೆಂದು ಒಬ್ಬರಿಗಾದರೂ ಅನ್ನಿಸಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಆಮೇಲೆ ಸಿಟ್ಟೂ ಬಂತು. ಅಷ್ಟರಲ್ಲಿ ಅವನ ಗಂಜಿ ಹಾಕಿದ ಖಾಕಿಯ ವಾಸನೆ ಮೂಗಿಗೆ ಬಡಿಯಿತು ನೋಡಿ, ಅತ್ತಿಗೆ ನೆನಪಾದಳು.

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾಪೋಕ್ಲುವಿನಲ್ಲಿ ಅಣ್ಣ, ಅತ್ತಿಗೆಯ ಜೊತೆ ನಾನಿದ್ದೆ. ಪೇಟೆಯಲ್ಲೊಂದು ಪುಟ್ಟ ವಾಚನಾಲಯ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಗಂಡಸರು ಅಲ್ಲಿ ದಿನವೂ ಕೂಗಾಡುತ್ತಿದ್ದರು. ಅಣ್ಣನ ದನಿ ರಸ್ತೆಗೆಲ್ಲ ಕೇಳುತ್ತಿತ್ತು. ಅವನು ಯಾವ ಕಡೆ ಎಂದು ಮಾತ್ರ ಕೇಳಬೇಡಿ. ಅದು ಎದುರಿಗಿದ್ದವರನ್ನು ನೋಡಿಕೊಂಡು ಬದಲಾಗುತ್ತಿತ್ತು. ಒಂದು ದಿನ ಮಾತು ಕೈಗೆ ಹತ್ತಿ ಬೆಂಚು ಮುರಿಯಿತು, ಒಬ್ಬರ ತಲೆಯೂ ಒಡೆಯಿತು. ಮರುದಿನದಿಂದ ವಾಚನಾಲಯದೊಳಗೆ ಒಬ್ಬ ಪೊಲೀಸ್.

ಗಂಡಸರು ಬರುವುದು ನಿಂತಿತು. "ಅವ್ನ ಎದುರು ಪೇಪರ್ ಓದೋದು ಹೇಗೆ? ಯಾವ ಸುದ್ದಿ ನೋಡಿ ನಕ್ಕೆ ಅಂತ್ಲೂ ಸ್ಟೇಶನ್‌ಗೆ ಹೇಳ್ತಾನೆ" ಎಂದು ಅಣ್ಣ ಮನೆಯಲ್ಲೇ ಕುಳಿತು ಗೊಣಗಿದ. ನನಗೂ ಹೌದೆನಿಸಿತು. ಅತ್ತಿಗೆ ಮಾತ್ರ ನನ್ನ ಕೈ ಹಿಡಿದು, "ಬಾ, ಈಗ ಬೆಂಚು ಖಾಲಿ ಇರ್ತದೆ" ಎಂದಳು. ಮದುವೆಯಾಗಿ ಬಂದ ಮೇಲೆ ಅವಳು ಪೇಪರ್ ಓದಿದ್ದು ಅಂಗಡಿ ಸಾಮಾನು ಕಟ್ಟಿಕೊಟ್ಟ ಚೂರುಗಳಲ್ಲಿ. ನಾವು ಹೋದೆವು. ನಮ್ಮನ್ನು ಕಂಡು ಇನ್ನೂ ಕೆಲವು ಹೆಂಗಸರು ಬಂದರು. ಪೊಲೀಸಿನವ ಪಾಪ, ಗೋಡೆ ನೋಡುತ್ತಾ ನಿಂತಿರುತ್ತಿದ್ದ.

ಊರ ಹಿರಿಯರು ಹೇಳಿ ಅವನನ್ನು ತೆಗೆಸಿದರು. ಗಂಡಸರು ಮರಳಿದರು. ಅಂದು ಅತ್ತಿಗೆ ಹೊಸ್ತಿಲವರೆಗೆ ಹೋದಳು. ಒಳಗಿನ ನಗು ತಟ್ಟನೆ ನಿಂತಿತು. ಎಲ್ಲರೂ ಅವಳನ್ನೇ ನೋಡಿದರು. ಅವಳು ಮನೆಗೆ ಬರಲಿಲ್ಲ, ನೇರ ಸ್ಟೇಶನ್ನಿಗೆ ನಡೆದಳು. ನಾನು ಅವಳ ಹಿಂದೆ.

"ಪೊಲೀಸನ್ನ ಪುನಃ ಹಾಕಿ ಸಾರ್. ಒಳಗೆ ಬೇಡ, ರಸ್ತೆಯಾಚೆ ನಿಂತ್ರೆ ಸಾಕು" ಎಂದಳು.

ಸಂಜೆ ಅಣ್ಣ ಕೆಂಡವಾಗಿದ್ದ. "ಗಲಾಟೆ ಮಾಡಿದವ್ರಲ್ಲಿ ನಾನೂ ಒಬ್ಬ. ಕಟ್ಕೊಂಡ ಹೆಂಡ್ತಿನೇ ನನ್ನ ಮೇಲೆ ಪೊಲೀಸ್ ಕೇಳೋದಾ?"

"ನಿಮ್ಮ ಮೇಲೆ ಅಲ್ಲ. ನನಗೋಸ್ಕರ."

"ಅವನ ಹೆದರಿಕೆ ಇಲ್ವಾ ನಿಂಗೆ?"

"ಉಂಟು. ಆದ್ರೆ ಅವ್ನು ಒಬ್ನೇ."

ಮರುದಿನ ಪೊಲೀಸ್ ಬಂದು ರಸ್ತೆಯಾಚೆ ನಿಂತ. ಗಂಡಸರು ದನಿ ತಗ್ಗಿಸಿದರು, ಒಂದು ಬೆಂಚನ್ನೂ ಬಿಟ್ಟುಕೊಟ್ಟರು. ಅಣ್ಣ ಮಾತ್ರ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. ಅವನ ದನಿಯಿಲ್ಲದ ಪೇಟೆ ಬಿಕೋ ಎನ್ನುತ್ತಿತ್ತು. ಪೇಪರ್ ಬಿಡಿಸಿ ಕೂತ ಅತ್ತಿಗೆಯ ಮುಖ ನೋಡಿದರೆ ಹೊಟ್ಟೆ ತಂಪಾಗುತ್ತಿತ್ತು. ನಾನು ಯಾರ ಪರ ಎಂದು ನನಗೆ ಇವತ್ತಿಗೂ ತಿಳಿದಿಲ್ಲ.

ಪೊನ್ನಂಪೇಟೆಯ ಪೊಲೀಸಿನವನಿಗೆ, "ಬಾಗ್ಲಿಗೆ ಅಡ್ಡ ನಿಲ್ಬೇಡಪ್ಪ, ಜನಕ್ಕೆ ಹೆದರಿಕೆ ಆಗ್ತದೆ" ಎಂದು ಬುದ್ಧಿ ಹೇಳಿದೆ.

"ಆಯ್ತಮ್ಮಾ" ಎಂದು ಅವನು ಗೇಟಿನ ಕಡೆಗೆ ಹೊರಟೇಬಿಟ್ಟ. ಒಳಗೆ ಕೌಂಟರಿನ ಮುಂದೆ ಗಂಡಸರು ಒಬ್ಬರನ್ನೊಬ್ಬರು ನೂಕುತ್ತಿದ್ದರು. ಒಂದು ಹೆಜ್ಜೆ ಇಟ್ಟವಳು ಹಿಂದಿರುಗಿ ಕೂಗಿದೆ:

"ಅಷ್ಟು ದೂರ ಬೇಡಪ್ಪ!"