ನಾನು ನೋಡಿದೀನಿ, ಸಹಿ ಹಾಕು

ಮೇಡಂ ಬಲಗೈ ತೋರುಬೆರಳಿಗೆ ಅರ್ಧ ಉಗುರು ಮಾತ್ರ ಇತ್ತು. ಉಳಿದರ್ಧ ಯಾವುದೋ ಕಾಲದಲ್ಲಿ ಆಂಬುಲೆನ್ಸಿನ ಹಿಂಬಾಗಿಲಿಗೆ ಸಿಕ್ಕಿ ಹೋದದ್ದು, ಮತ್ತೆ ಬೆಳೆಯಲೇ ಇಲ್ಲ. ಆ ಮೊಂಡು ಬೆರಳನ್ನು ನಮ್ಮ ಕತ್ತಿನ ಪಕ್ಕಕ್ಕೆ ಒತ್ತಿ, ನಾಡಿ ಎಲ್ಲಿ ಸಿಗುತ್ತದೆಂದು ತೋರಿಸುತ್ತಿದ್ದರು. ಬೆರಳು ತಣ್ಣಗಿರುತ್ತಿತ್ತು, ಸ್ಪಿರಿಟ್ಟಿನ ವಾಸನೆ ಹೊಡೆಯುತ್ತಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಆಚೆಗಿದ್ದ ಒಂದು ಖಾಸಗಿ ಕಾಲೇಜಿನಲ್ಲಿ ನಾನು ತುರ್ತು ಚಿಕಿತ್ಸೆಯ ಬಿ.ಎಸ್ಸಿ.ಗೆ ಸೇರಿದಾಗ ಹೊಸೂರು ರಸ್ತೆಯ ಮೇಲ್ಸೇತುವೆಗೆ ಇನ್ನೂ ಕಂಬಗಳಷ್ಟೇ ಎದ್ದಿದ್ದವು. ಸರ್ಜಾಪುರದ ಪಕ್ಕದ ನಮ್ಮೂರಲ್ಲಿ ಈ ಓದು ಏನೆಂದು ಯಾರಿಗೂ ಅರ್ಥವಾಗಲಿಲ್ಲ. "ಆಂಬುಲೆನ್ಸ್ ಅತ್ತಾಕೂ ಡಿಗ್ರಿ ಬೇಕೇನಮ್ಮಿ?" ಎಂದು ದೊಡ್ಡಪ್ಪ ಕೇಳಿದ್ದ. ಮೊದಲ ತಿಂಗಳು ನನಗೂ ಅದೇ ಅನುಮಾನವಿತ್ತು.

ಮೇಡಂ ನಮ್ಮ ಕ್ಲಿನಿಕಲ್ ಪಾಠದ ಉಸ್ತುವಾರಿ. ಹಿಂದೆ ದೊಡ್ಡಾಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನರ್ಸ್ ಆಗಿದ್ದವರು. ಗಡಿಯಾರವನ್ನು ಮಣಿಕಟ್ಟಿನ ಒಳಮಗ್ಗುಲಿಗೆ ಕಟ್ಟುತ್ತಿದ್ದರು. ಪ್ರಾಕ್ಟಿಕಲ್‌ಗೆ ಇಟ್ಟಿದ್ದ ರಬ್ಬರ್ ಬೊಂಬೆಯನ್ನು 'ನಮ್ಮ ಯಜಮಾನ್ರು' ಎನ್ನುತ್ತಿದ್ದರು. ಎಷ್ಟು ಎದೆ ಒತ್ತಿದರೂ ಎದುರಾಡದ ಗಂಡ ಇವರೊಬ್ಬರೇ ಅಂತ. ಯಾರಾದರೂ ಕೈ ನಡುಗಿಸಿದರೆ ಅವರದು ಒಂದೇ ಮಾತು: "ಗಾಬರಿ ಬೀಳೋದು ಮನೆಯೋರ ಕೆಲಸ ಕಣೇ, ನಮ್ದಲ್ಲ."

ಕನ್ನಡ ಮಾಧ್ಯಮದಿಂದ ಬಂದ ನನಗೆ ಆ ಇಂಗ್ಲಿಷ್ ಪುಸ್ತಕಗಳು ಕಬ್ಬಿಣದ ಕಡಲೆ. ಊಟದ ಬಿಡುವಿನಲ್ಲಿ ಮೇಡಂ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು, ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಿಸಿ ಆಮೇಲೆ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಅವರ ಡಬ್ಬಿಯ ಚಿತ್ರಾನ್ನದಲ್ಲಿ ನನಗೂ ಪಾಲು. ಅವರಿಲ್ಲದಿದ್ದರೆ ಮೊದಲ ವರ್ಷವೇ ನಾನು ಗಂಟುಮೂಟೆ ಕಟ್ಟುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದು ಬೇರೆ.

ಕೊನೆಯ ವರ್ಷ ಇಂಟರ್ನ್‌ಶಿಪ್. ಕಾಲೇಜಿನ ಆಂಬುಲೆನ್ಸಿಗೆ ನನ್ನನ್ನು ಹಾಕಿದರು, ಮೇಲ್ವಿಚಾರಣೆ ಮೇಡಂದು. ದಿನಾ ಬೆಳಿಗ್ಗೆ ಆಕ್ಸಿಜನ್ ಸಿಲಿಂಡರಿನ ಕೀಲಿ ತಿರುಗಿಸಿ, ಮೀಟರಿನ ಮುಳ್ಳು ಎಲ್ಲಿ ನಿಂತಿದೆಯೆಂದು ನೋಡಿ ರಿಜಿಸ್ಟರಿಗೆ ಸಹಿ ಹಾಕಬೇಕು. ಪರೀಕ್ಷಿಸಿದವರ ಕಾಲಂ ನನ್ನದು, ಮೇಲ್ವಿಚಾರಕರ ಕಾಲಂ ಅವರದು. ನಾನು ಎರಡು ಬಸ್ಸು ಹಿಡಿದು ಏದುಸಿರು ಬಿಡುತ್ತಾ ಬರುವಷ್ಟರಲ್ಲಿ ಬೇಗೂರಿನಿಂದ ಅವರು ಬಂದಾಗಿರುತ್ತಿತ್ತು. "ನಾನು ನೋಡಿದೀನಿ, ಸಹಿ ಹಾಕು ಪುಟ್ಟಾ" ಎನ್ನುತ್ತಿದ್ದರು. ಹಾಕುತ್ತಿದ್ದೆ. ತಿಂಗಳುಗಟ್ಟಲೆ ಹೀಗೇ ನಡೆಯಿತು. ನನ್ನ ತಾಯಿ ಉಪ್ಪು ಹಾಕಿದೀನಿ ಅಂದರೆ ನಾನು ಸಾರಿನ ಪಾತ್ರೆಗೆ ಬೆರಳಿಟ್ಟು ನೋಡುತ್ತೇನೆಯೇ?

ಪದವಿ ಮುಗಿಯಲು ಎರಡು ತಿಂಗಳಿತ್ತು. ಒಂದು ಆಸ್ಪತ್ರೆಯವರು ನನ್ನನ್ನು ಕೆಲಸಕ್ಕೆ ಆರಿಸಿಯೂ ಆಗಿತ್ತು, ಸರ್ಟಿಫಿಕೇಟ್ ತಂದುಕೊಟ್ಟರೆ ಸಾಕಿತ್ತು. ಒಂದು ಮಧ್ಯಾಹ್ನ ಸರ್ಜಾಪುರ ರಸ್ತೆಯಲ್ಲಿ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನಿಂದ ಕರೆ ಬಂತು. ಕಂಬಿ ಕಟ್ಟುವ ಒಬ್ಬನಿಗೆ ಕರೆಂಟು ಹೊಡೆದಿತ್ತು. ನಾಡಿ ಇತ್ತು, ಉಸಿರು ನಿಂತಿತ್ತು. ಅವನನ್ನು ಗಾಡಿಗೆ ಹಾಕಿಕೊಂಡು ಆಕ್ಸಿಜನ್ ತಿರುಗಿಸಿದರೆ ಮುಳ್ಳು ಅಲ್ಲಾಡಲಿಲ್ಲ. ಸಿಲಿಂಡರ್ ಖಾಲಿ.

ಡ್ರೈವರ್ ಮುಂದೆ, ಹಿಂದೆ ನಾನು ಮತ್ತು ಆ ಕೆಲಸಗಾರನ ಅಣ್ಣ. ಯಾದಗಿರಿ ಕಡೆಯವರು. ಮೂಗು ಬಾಯಿಗೆ ಮಾಸ್ಕ್ ಒತ್ತಿ ಹಿಡಿದು, ಉಸಿರು ತುಂಬುವ ರಬ್ಬರ್ ಚೀಲವನ್ನು ಬರೀ ಗಾಳಿಯಲ್ಲೇ ಹಿಂಡತೊಡಗಿದೆ. ಮೇಡಂ ಬೊಂಬೆಯ ಮೇಲೆ ಕಲಿಸಿದ್ದು ನೆನಪಿತ್ತು: ನೀನು ಉಸಿರು ಎಳೆದುಕೊಂಡಾಗ ಅವನಿಗೂ ಒಂದು ಕೊಡು, ನೀನು ಏದುಸಿರು ಬಿಟ್ಟರೆ ಅವನ ಹೊಟ್ಟೆ ಉಬ್ಬುತ್ತದೆ. ಹಾಗಾಗಿ ನಾನು ನಿಧಾನವಾಗಿ ಉಸಿರಾಡಿದೆ. ಚಂದಾಪುರದಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡೆವು. "ಅಕ್ಕಾರ, ಉಸಿರಾಡಾಕತ್ತಾನೇನ್ರಿ ಅಂವ?" ಎಂದು ಅಣ್ಣ ಕೇಳುತ್ತಲೇ ಇದ್ದ. ಮುಕ್ಕಾಲು ಗಂಟೆ ಹಿಂಡಿದೆ. ಆಸ್ಪತ್ರೆಯ ಬಾಗಿಲಲ್ಲಿ ಅವನು ತಾನಾಗಿಯೇ ಒಂದು ಉಸಿರು ಎಳೆದ. ಬದುಕಿದ. ಸಂಜೆ ನನಗೆ ತಟ್ಟೆ ಎತ್ತಿ ಹಿಡಿಯಲೂ ಕೈಯಲ್ಲಿ ಬಲವಿರಲಿಲ್ಲ, ಆದರೆ ಅಷ್ಟು ಖುಷಿ ನಾನು ಹಿಂದೆಂದೂ ಪಟ್ಟಿರಲಿಲ್ಲ.

ಖಾಲಿ ಸಿಲಿಂಡರ್ ಇಟ್ಟುಕೊಂಡು ಗಾಡಿ ಬಂದಿತ್ತೆಂದು ಅವನನ್ನು ಸೇರಿಸಿಕೊಂಡ ಆಸ್ಪತ್ರೆಯವರು ಕಾಲೇಜಿಗೆ ಪತ್ರ ಬರೆದರು. ಪ್ರಿನ್ಸಿಪಾಲರ ಕೋಣೆಗೆ ನನ್ನನ್ನೂ ಮೇಡಂ ಅವರನ್ನೂ ಕರೆಸಿದರು. ಮೇಜಿನ ಮೇಲೆ ರಿಜಿಸ್ಟರ್ ತೆರೆದಿತ್ತು, ಅದರಲ್ಲಿ ಆ ಬೆಳಗಿನ ನನ್ನ ಸಹಿ. ಪರೀಕ್ಷೆ ಮಾಡಿದ್ದು ಯಾರು ಎಂದು ಕೇಳಿದರು. ನಾನು ಮೇಡಂ ಮುಖ ನೋಡಿದೆ. ನನಗೆ ಸ್ವಲ್ಪವೂ ಭಯವಿರಲಿಲ್ಲ. ನಡೆದದ್ದನ್ನು ಅವರೇ ಹೇಳುತ್ತಾರೆಂದು ಕಾಯುತ್ತಾ ನಿಂತಿದ್ದೆ, ಪೆದ್ದಿ.

ಮೇಡಂ ಗಡಿಯಾರವನ್ನು ಸರಿಮಾಡಿಕೊಂಡರು. "ನೋಡ್ದೆ ಸಹಿ ಹಾಕ್ಬೇಡ ಅಂತ ಇವ್ಳಿಗೆ ಎಷ್ಟೋ ಸಲ ಹೇಳಿದೀನಿ ಸಾರ್," ಎಂದರು. "ಬಸ್ಸು ಲೇಟು ಅಂತಾಳೆ, ಬಂದೋಳೇ ಸಹಿ ಹಾಕ್ಬಿಡ್ತಾಳೆ."

ಬಸ್ಸು ಲೇಟಾಗುತ್ತಿದ್ದದ್ದು ನಿಜ, ನೋಡದೆ ಸಹಿ ಹಾಕಿದ್ದೂ ನಿಜ, ಹಾಕಬೇಡ ಅಂದದ್ದು ಮಾತ್ರ ಸುಳ್ಳು. ಅವರು ಹೇಳದೆ ಬಿಟ್ಟದ್ದು ಒಂದೇ ವಾಕ್ಯ, ನನಗೆ ಬೇಕಾಗಿದ್ದದ್ದೂ ಅದೊಂದೇ. ಇಂಟರ್ನ್‌ಶಿಪ್ ಮೊದಲಿನಿಂದ ಮಾಡಬೇಕೆಂದು ಪ್ರಿನ್ಸಿಪಾಲರು ಬರೆದರು. ನನ್ನ ಜೊತೆಯವರು ಪದವಿ ಪಡೆದ ದಿನ ನಾನು ಮುಂದಿನ ಬ್ಯಾಚಿನ ಹುಡುಗಿಯರ ನಡುವೆ ಹಾಸಿಗೆ ಬಟ್ಟೆ ಮಡಚುತ್ತಿದ್ದೆ. ನನ್ನನ್ನು ಆರಿಸಿದ್ದ ಆಸ್ಪತ್ರೆಯ ಕೆಲಸ ಇನ್ನೊಬ್ಬರ ಪಾಲಾಯಿತು.

ಮೇಡಂ ಕೆಲಸ ವರ್ಷವರ್ಷಕ್ಕೂ ಕಾಂಟ್ರಾಕ್ಟು, ಅದು ಆ ತಿಂಗಳೇ ಮುಂದುವರಿಯಬೇಕಿತ್ತು, ಮಗಳು ಓದುತ್ತಿದ್ದಳು. ಇದೆಲ್ಲ ಗೊತ್ತಾದದ್ದು ಆಮೇಲೆ. ಅರ್ಥವಾಯಿತು. ಅರ್ಥವಾದ ಮಾತ್ರಕ್ಕೆ ಸಿಟ್ಟು ಆರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ವರ್ಷವಿಡೀ ಮೇಡಂ ಬಂದ ಕಡೆ ನಾನು ಹೋಗಲಿಲ್ಲ. ಡಿಗ್ರಿ ಕೈಗೆ ಬಂದ ಮೇಲೆ ಎರಡು ಸಲ ಫೋನ್ ಮಾಡಿದ್ದರು, ಎತ್ತಲಿಲ್ಲ.

ನಾಲ್ಕೈದು ವರ್ಷದ ನಂತರ ಅವರು ಕಿಡ್ನಿ ಕಾಯಿಲೆಯಿಂದ ತೀರಿಕೊಂಡ ಸುದ್ದಿ ಬಂತು. ಅಷ್ಟರಲ್ಲಿ ನಾನು ಬೇರೊಂದು ಆಸ್ಪತ್ರೆಯ ಆಂಬುಲೆನ್ಸಿನಲ್ಲಿದ್ದೆ. ಹೋಗಬಾರದೆಂದುಕೊಂಡೇ ವೈಕುಂಠ ಸಮಾರಾಧನೆಯ ದಿನ ಬೇಗೂರಿಗೆ ಹೋದೆ. ಮಗಳು ನನ್ನ ಹೆಸರು ಕೇಳಿದವಳೇ ಕೈ ಹಿಡಿದುಕೊಂಡಳು.

"ಅಮ್ಮ ಯಾರು ಸಿಕ್ಕಿದ್ರೂ ನಿಮ್ಮ ವಿಷಯ ಹೇಳೋರು ಅಕ್ಕ. ಮುಕ್ಕಾಲು ಗಂಟೆ ಬರೀ ಕೈಯಲ್ಲೇ ಒಬ್ಬನ್ನ ಉಳಿಸಿದ ಹುಡುಗಿ ಅಂತ. ಕಾಲೇಜಲ್ಲಿ ಎಲ್ಲಾರೂ ನಿಮ್ಮ ಮೇಲೆ ತಪ್ಪು ಹೊರಿಸ್ದಾಗ ಅಮ್ಮ ಒಬ್ರೇ ನಿಮ್ಮ ಪರ ಮಾತಾಡಿದ್ರಂತೆ, ಅಲ್ವಾ?"

ಅವಳ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು. "ಹೌದಮ್ಮ" ಎಂದೆ.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾಳೆ ನಮ್ಮಮ್ಮ. ನಾನು ಇಟ್ಟುಕೊಂಡಿದ್ದೇನೆ.